ಸನ್ನೆ ಭಾಷೆಯ ವಿಡಿಯೊ ಕೇಳುತ್ತಿದ್ದಾರೆ, ಕೊಡಬಹುದೇ?

ಪ್ರಶ್ನೆ (ಜಮಖಂಡಿಯಿಂದ):
ನಮಸ್ಕಾರ. ನನ್ನ ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಇಲ್ಲಿಯೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾನೆ. ಹೋದ ತಿಂಗಳು ಹೊಟ್ಟೆನೋವೆಂದು ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಅಲ್ಲಿಯ ವೈದ್ಯರು ಸನ್ನೆ ಗುರುತಿಸುವ ಆ್ಯಪ್ ತೆರೆದು, ಎದೆಯಲ್ಲಿಯೂ ನೋವಿದೆಯೇ ಎಂದು ಚೀಟಿಯಲ್ಲಿ ಬರೆದು ಕೇಳಿದರು. ಅವನು ನೋವಿನ ಸನ್ನೆ ಮಾಡುತ್ತಲೇ ತಲೆಯಾಡಿಸಿ ಇಲ್ಲವೆಂದ. ಮೊಬೈಲಿನಲ್ಲಿ ‘ನೋವು’ ಎಂದಷ್ಟೇ ಮೂಡಿತು. ನಾನು ಪಕ್ಕದಲ್ಲಿ ಇರದಿದ್ದರೆ ಇಸಿಜಿಗೆ ಕಳುಹಿಸುತ್ತಿದ್ದರು. ಈಗ ಬೆಳಗಾವಿಯ ಕೆಲವು ವಿದ್ಯಾರ್ಥಿಗಳು ಕೃತಕ ಬುದ್ಧಿಮತ್ತೆಗೆ ಕಲಿಸುವುದಕ್ಕಾಗಿ ಅವನ ವಿಡಿಯೊಗಳನ್ನು ಕೇಳುತ್ತಿದ್ದಾರೆ. ಕೊಟ್ಟರೆ ಪ್ರಯೋಜನವಾದೀತೇ?

ಉತ್ತರ 1 (ಬೆಳಗಾವಿ, ಕಂಪ್ಯೂಟರ್ ಬೋಧಕ):
ಅಕ್ಕಾ, ಆ ತಲೆಯಾಡಿಸುವಿಕೆ ಎಲ್ಲಿ ಕಳೆದುಹೋಯಿತೆಂಬುದನ್ನು ನಾನು ಊಹಿಸಬಲ್ಲೆ. ವಿಡಿಯೊದಲ್ಲಿರುವ ದೇಹವನ್ನು ಬಿಂದುಗಳಾಗಿ ಗುರುತಿಸಿಕೊಡುವ ಮೀಡಿಯಾಪೈಪ್ ಹೋಲಿಸ್ಟಿಕ್ ಎಂಬ ಸಾಧನವು ಒಟ್ಟು 543 ಬಿಂದುಗಳನ್ನು ಕೊಡುತ್ತದೆ. ಅವುಗಳಲ್ಲಿ 468 ಮುಖದವು, ಎರಡೂ ಕೈಗಳವು ಸೇರಿ 42 ಮಾತ್ರ. ಲೆಕ್ಕದ ಭಾರ ತಗ್ಗಲೆಂದು ಕೈಗಳ ಬಿಂದುಗಳನ್ನಷ್ಟೇ ಉಳಿಸಿಕೊಂಡ ಪ್ರಾಜೆಕ್ಟುಗಳು ನನ್ನ ಮೇಜಿಗೆ ಬಂದಿವೆ. ಹುಬ್ಬೇರಿಸಿ ಕೇಳುವುದು, ತಲೆಯಾಡಿಸಿ ಅಲ್ಲಗಳೆಯುವುದು ಈ ಭಾಷೆಯ ವ್ಯಾಕರಣವೇ ಆಗಿರುವಾಗ, ಹಾಗೆ ಮಾಡುವುದು ವಾಕ್ಯದಿಂದ ‘ಇಲ್ಲ’ವನ್ನು ಅಳಿಸಿದಂತೆ. ಇನ್ನೊಂದು ಕೊರತೆಯೂ ಇದೆ. 2020ರಲ್ಲಿ ಐಐಟಿ ಮದ್ರಾಸಿನ ಸಂಶೋಧಕರು ಹೊರತಂದ ‘ಇನ್‌ಕ್ಲೂಡ್’ ಸಂಗ್ರಹದಲ್ಲಿ 263 ಪದಗಳ 4,287 ವಿಡಿಯೊಗಳಿವೆ. ಒಳ್ಳೆಯ ಆರಂಭವೇ ಅದು, ಆದರೆ ಬಿಡಿಪದಗಳನ್ನು ಕಲಿತ ಯಂತ್ರ ರೋಗಿಯ ಮಾತನ್ನು ಹಿಡಿಯಲಾರದು. ಆದ್ದರಿಂದ ವಿಡಿಯೊ ಕೊಡುವುದಾದರೆ ಪೂರ್ಣ ವಾಕ್ಯಗಳನ್ನು, ಮುಖವೂ ಕಾಣುವಂತೆ ಕೊಡಲಿ.

ಉತ್ತರ 2 (ವಿಜಯಪುರ, ಕಿವುಡ ಮಕ್ಕಳ ಶಿಕ್ಷಕಿ):
ಮುಖ ಕಾಣಲೇಬೇಕೆಂದ ಮೇಲೆ ಗುರುತು ಮರೆಮಾಚುವುದು ಕಷ್ಟ. ನನಗೆ ಚಿಂತೆ ಇರುವುದು ಅಲ್ಲಿಯೇ. ಕನ್ನಡದಲ್ಲಿ ಬರೆದ ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಸಾಲದು, ವಿಡಿಯೊ ಎಲ್ಲೆಲ್ಲಿ ಹೋಗುತ್ತದೆ ಎಂಬುದನ್ನು ಸನ್ನೆಯಲ್ಲಿಯೇ ತಿಳಿಸಿ ಹೇಳಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿದೆ. ದೆಹಲಿಯ ಭಾರತೀಯ ಸಂಜ್ಞೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ರಲ್ಲಿಯೇ 10,000 ಪದಗಳನ್ನು ಮುಟ್ಟಿತು. ಆದರೂ ನಮ್ಮ ಮಕ್ಕಳು ಎರಡೂ ಅಂಗೈಗಳಿಂದ ಬಡಿದು ಜೋಳದ ರೊಟ್ಟಿ ಎನ್ನುತ್ತಾರೆ, ಲಟ್ಟಿಸುವ ಸನ್ನೆ ಮಾಡಿದರೆ ಅದು ಚಪಾತಿ. ಇಂಥ ಸನ್ನೆಗಳೂ ಸಂಗ್ರಹದೊಳಗೆ ಬರಬೇಕೆಂಬುದು ನನ್ನ ಆಸೆ. ಅಂದಹಾಗೆ, ಇದನ್ನು ನಿಮ್ಮ ತಮ್ಮನನ್ನೇ ಕೇಳಿದಿರಾ?

ಪ್ರಶ್ನೆ ಕೇಳಿದವರು:
ಕೇಳಿರಲಿಲ್ಲ ಟೀಚರ್, ಅದು ನನ್ನ ತಪ್ಪು. ನಿನ್ನೆ ರಾತ್ರಿ ಇದೆಲ್ಲವನ್ನೂ ಅವನಿಗೆ ಸನ್ನೆಯಲ್ಲಿ ತಿಳಿಸಿದೆ. ಕೊಡುತ್ತೇನೆ ಎಂದ. ಆದರೆ ತನ್ನ ಸನ್ನೆಗಳ ಕೆಳಗೆ ಕನ್ನಡದ ಅರ್ಥವನ್ನು ಬರೆಯುವವರು ಯಾರು ಎಂಬುದನ್ನು ಮೊದಲು ತಿಳಿಯಬೇಕಂತೆ. ಸನ್ನೆ ಬಾರದವರು ಬರೆಯುವುದಾದರೆ, ಭಾನುವಾರ ಅಂಗಡಿ ಮುಚ್ಚಿ ಬೆಳಗಾವಿಗೆ ಹೋಗಿ, ಪ್ರತಿ ವಾಕ್ಯವನ್ನೂ ಅವರ ಪಕ್ಕದಲ್ಲಿ ಕುಳಿತು ತಾನೇ ತಿದ್ದುತ್ತಾನಂತೆ. ವಿದ್ಯಾರ್ಥಿಗಳಿಗೆ ಇದನ್ನೇ ಬರೆದು ಕಳುಹಿಸಿದ್ದೇನೆ.