ಹೃದಯ ವೈಫಲ್ಯದ ರೋಗಿ ಮತ್ತೆ ದಾಖಲಾಗುವ ಸಂಭವವನ್ನು ಅಂದಾಜಿಸುವುದು ಹೇಗೆ?

ಪ್ರಶ್ನೆ: ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ, ಶಿವಮೊಗ್ಗ

ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆದು ಡಿಸ್ಚಾರ್ಜ್ ಆದವರಲ್ಲಿ 30 ದಿನಗಳೊಳಗೆ ಮತ್ತೆ ದಾಖಲಾಗುವವರು ಯಾರು ಎಂಬುದನ್ನು ಮೊದಲೇ ಗುರುತಿಸುವುದು ನನ್ನ ಪ್ರಬಂಧದ ವಿಷಯ. ಕೆನಡಾದಲ್ಲಿ ರೂಪುಗೊಂಡ, ಮರುದಾಖಲಾತಿಯ ಅಪಾಯಕ್ಕೆ ಅಂಕ ಕೊಡುವ ‘ಲೇಸ್’ ಸೂಚ್ಯಂಕವನ್ನು ಹಳೆಯ ಕಡತಗಳಿಗೆ ಅನ್ವಯಿಸಿ ನೋಡಿದಾಗ ಬಹುಪಾಲು ರೋಗಿಗಳು 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದು ‘ಹೆಚ್ಚು ಅಪಾಯ’ದ ಗುಂಪಿಗೇ ಸೇರಿದರು. ಹೀಗಾದರೆ ಯಾರ ಮೇಲೆ ಹೆಚ್ಚು ನಿಗಾ ಇಡಬೇಕೆಂಬುದು ತಿಳಿಯುವುದಿಲ್ಲ. ಮಷೀನ್ ಲರ್ನಿಂಗ್ ಬಳಸಿದರೆ ಫಲಿತಾಂಶ ಸುಧಾರಿಸಬಹುದೇ?

ಉತ್ತರ: ಸಂಖ್ಯಾಶಾಸ್ತ್ರ ಅಧ್ಯಾಪಕ, ಸಾಗರ

ಆ ಸೂಚ್ಯಂಕವನ್ನು ರಚಿಸಿದ್ದು ಎಲ್ಲ ಬಗೆಯ ರೋಗಿಗಳಿಗಾಗಿ. ತುರ್ತಾಗಿ ದಾಖಲಾದುದಕ್ಕೆ 3, ಹೃದಯ ವೈಫಲ್ಯಕ್ಕೆ 2, ನಾಲ್ಕರಿಂದ ಆರು ದಿನ ಆಸ್ಪತ್ರೆಯಲ್ಲಿ ಉಳಿದುದಕ್ಕೆ 4 ಎಂದರೆ ಅಲ್ಲಿಗೇ 9 ಆಯಿತು. ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ 10 ತಲುಪಿತು. ನಿಮ್ಮ ವಾರ್ಡಿನಲ್ಲಿ ಈ ಗಡಿ ಯಾರನ್ನೂ ಬೇರ್ಪಡಿಸದಿರುವುದು ಸಹಜ.

ಈ ಕಾಯಿಲೆಯಲ್ಲಿ ಮರುದಾಖಲಾತಿಯನ್ನು ಊಹಿಸುವ ಮಾದರಿಗಳ ಸಿ-ಅಂಕಿ (ಮರಳಿ ಬರುವವರನ್ನು ಬಾರದವರಿಂದ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಳತೆ) ಸಾಮಾನ್ಯವಾಗಿ 0.6ರಿಂದ 0.7ರ ನಡುವೆಯೇ ಇರುತ್ತದೆ, 0.5 ಎಂದರೆ ನಾಣ್ಯ ಚಿಮ್ಮಿ ಹೇಳಿದಷ್ಟೇ. ಮಷೀನ್ ಲರ್ನಿಂಗ್‌ನಿಂದ ದೊರೆಯುವ ಲಾಭವೂ ಹೆಚ್ಚಿನದಲ್ಲ. ನನಗೆ ಅದಕ್ಕಿಂತ ಚಿಂತೆಯ ವಿಷಯವೆಂದರೆ ನೀವು ಊಹಿಸಹೊರಟಿರುವ ಫಲಿತಾಂಶವೇ ಕಡತದಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂಬುದು. ಹೊಸನಗರದ ಕಡೆಯ ರೋಗಿ ಎರಡನೆಯ ಸಲ ಉಸಿರು ಕಟ್ಟಿದಾಗ ಘಟ್ಟ ಇಳಿದು ಮಣಿಪಾಲಕ್ಕೆ ಹೋದರೆ ನಿಮ್ಮ ಲೆಕ್ಕದಲ್ಲಿ ಆತ ‘ಮರಳಿ ಬಂದಿಲ್ಲ’; ಮನೆಯಲ್ಲೇ ತೀರಿಕೊಂಡವರೂ ಅದೇ ಸಾಲಿಗೆ ಸೇರುತ್ತಾರೆ. ಅತ್ಯಂತ ಅಪಾಯದಲ್ಲಿದ್ದವರನ್ನು ಗುಣಮುಖರೆಂದು ಮಾದರಿಗೆ ಕಲಿಸಿದಂತಾಗುತ್ತದೆ. ಮೂವತ್ತನೆಯ ದಿನ ಪ್ರತಿಯೊಬ್ಬರ ಮನೆಗೂ ಫೋನ್ ಮಾಡಿ ವಿಚಾರಿಸಿ, ಸಾವನ್ನು ಪ್ರತ್ಯೇಕ ಫಲಿತಾಂಶವಾಗಿ ದಾಖಲಿಸಿಕೊಳ್ಳಿ.

ಉತ್ತರ: ವೈದ್ಯ, ತೀರ್ಥಹಳ್ಳಿ

ಮೇಲಿನ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಡಿಸ್ಚಾರ್ಜ್ ದಿನ ಕಾಲಿನ ಬಾವು ಮತ್ತು ಕತ್ತಿನ ರಕ್ತನಾಳದ ಉಬ್ಬು ಉಳಿದಿವೆಯೇ, ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಮೇಲಿನ ಒತ್ತಡವನ್ನು ತೋರಿಸುವ ರಕ್ತಪರೀಕ್ಷೆ) ದಾಖಲಾದಾಗಿನದಕ್ಕಿಂತ ಕನಿಷ್ಠ ಶೇ. 30ರಷ್ಟು ಇಳಿದಿದೆಯೇ, ಸೋಡಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಎಷ್ಟಿವೆ, ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ದಾಖಲಾಗಿದ್ದರು ಎಂಬ ವಿವರಗಳು ನಿಮ್ಮ ಪಟ್ಟಿಯಲ್ಲಿ ಇರಲೇಬೇಕು.

ಆದರೆ ರೋಗಿಯನ್ನು ಮತ್ತೆ ಕರೆತರುವ ಕಾರಣಗಳಲ್ಲಿ ಹಲವು ಮನೆಯಲ್ಲಿರುತ್ತವೆ. ನಮ್ಮ ಕಡೆ ಊಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದ ದಿನವಿಲ್ಲ, ಮಳೆಗಾಲದಲ್ಲಂತೂ ಹಪ್ಪಳ ಸಂಡಿಗೆಯೂ ಸೇರುತ್ತದೆ. ಮಂಡಿನೋವಿಗೆಂದು ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್ ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತದೆ. ಬಸ್ಸಿನಲ್ಲಿ ಪೇಟೆಗೆ ಹೋಗುವ ದಿನ ದಾರಿಯಲ್ಲಿ ತೊಂದರೆಯಾದೀತೆಂದು ಮೂತ್ರದ ಮಾತ್ರೆಯನ್ನು ಬಿಡುವವರು ಬಹಳ ಮಂದಿ, ಅದರಲ್ಲೂ ಹೆಂಗಸರು. ಕೇಳಿದರೆ ಮಾತ್ರ ಹೇಳುತ್ತಾರೆ. ಇವೆಲ್ಲ ಹೌದು-ಇಲ್ಲ ಎಂದು ದಾಖಲಿಸಬಹುದಾದ ಪ್ರಶ್ನೆಗಳೇ.

ಅಪಾಯವನ್ನು ಗುರುತಿಸಿದ ಮೇಲೆ ಮಾಡುವುದಕ್ಕೂ ಏನಾದರೂ ಇರಬೇಕಲ್ಲವೇ? 2022ರಲ್ಲಿ ಪ್ರಕಟವಾದ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನದಲ್ಲಿ, ಡಿಸ್ಚಾರ್ಜ್ ಆದ ಎರಡು ವಾರಗಳೊಳಗೆ ಔಷಧಗಳನ್ನು ಪೂರ್ಣ ಪ್ರಮಾಣಕ್ಕೆ ಏರಿಸಿ ಮೇಲಿಂದ ಮೇಲೆ ತಪಾಸಣೆ ಮಾಡಿದ ಗುಂಪಿನಲ್ಲಿ 180 ದಿನಗಳೊಳಗಿನ ಸಾವು ಅಥವಾ ಹೃದಯ ವೈಫಲ್ಯದ ಮರುದಾಖಲಾತಿ ಶೇ. 15.2 ಇತ್ತು, ಎಂದಿನ ಆರೈಕೆ ಪಡೆದವರಲ್ಲಿ ಶೇ. 23.3.

ಉತ್ತರ: ಶುಶ್ರೂಷಕಿ, ಕೊಪ್ಪ

ಮೂರು ದಿನಗಳಲ್ಲಿ ತೂಕ 2 ಕೆಜಿ ಏರಿದರೆ ಕೂಡಲೇ ತಿಳಿಸಿ ಎಂದು ಎಲ್ಲರಿಗೂ ಹೇಳುತ್ತೇವೆ, ಮನೆಯಲ್ಲಿ ತೂಕ ನೋಡುವ ಸಾಧನ ಇದೆಯೇ ಎಂದು ಕೇಳುವುದು ಕಡಿಮೆ. ತೋಟದವರ ಮನೆಗಳಲ್ಲಿ ಅಡಿಕೆ ತೂಗುವ ಯಂತ್ರ ಇರುವುದುಂಟು. ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ತಿಂಡಿಗೆ ಮೊದಲು ಅದರ ಮೇಲೇ ನಿಲ್ಲಿ ಎಂದು ಹೇಳಿಕೊಡಬಹುದು. ಈ ಪ್ರಶ್ನೆಯನ್ನೂ ದಯವಿಟ್ಟು ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಹಳೆಯ ಕಡತಗಳಲ್ಲಿ ಈ ಮನೆಯ ವಿವರಗಳು ಯಾವುವೂ ಇಲ್ಲವಾದ್ದರಿಂದ, ಇನ್ನು ಮುಂದೆ ದಾಖಲಾಗುವವರಿಂದಲೇ ಅವನ್ನು ಸಂಗ್ರಹಿಸಲು ಮಾರ್ಗದರ್ಶಕರ ಅನುಮತಿ ಕೇಳುತ್ತೇನೆ. ಎಷ್ಟು ಅಂಶಗಳನ್ನು ಮಾದರಿಯಲ್ಲಿ ಸೇರಿಸಬಹುದು?

ಉತ್ತರ: ಸಂಖ್ಯಾಶಾಸ್ತ್ರ ಅಧ್ಯಾಪಕ, ಸಾಗರ

ಒಂದು ಅಂಶಕ್ಕೆ ಕನಿಷ್ಠ ಹತ್ತು ಮರುದಾಖಲಾತಿಗಳಾದರೂ ಇರಲಿ ಎಂಬುದು ರೂಢಿಯ ಸ್ಥೂಲ ನಿಯಮ. ಲೆಕ್ಕಕ್ಕೆ ಬರುವುದು ರೋಗಿಗಳ ಸಂಖ್ಯೆಯಲ್ಲ, ಮರಳಿ ಬಂದವರ ಸಂಖ್ಯೆ. ಆದ್ದರಿಂದ ಅಂಶಗಳನ್ನು ದತ್ತಾಂಶ ನೋಡಿದ ಮೇಲೆ ಆರಿಸದೆ, ಮೇಲಿನ ಇಬ್ಬರ ಅನುಭವವನ್ನು ಆಧರಿಸಿ ಈಗಲೇ ನಿಗದಿಪಡಿಸಿ, ಲೇಸ್ ಅಂಕವನ್ನು 10ರ ಗಡಿಯಲ್ಲಿ ಎರಡು ಗುಂಪಾಗಿ ಕತ್ತರಿಸದೆ ಇದ್ದ ಹಾಗೆಯೇ ಬಳಸಿ.