ಪದಚರ್ಚೆ: ಎಲ್ಲ ವಿಭಕ್ತಿರೂಪಗಳಲ್ಲೂ ಹುಡುಕುವುದಕ್ಕೆ ಏನೆನ್ನೋಣ?

ಗೆಳೆಯರೇ,

ಮಲೆನಾಡಿನ ಗಿಡಮರ, ಅಡುಗೆಗಳ ಮೇಲಿನ ಬರಹಗಳನ್ನು ನನ್ನ ಸ್ವಂತ ಜಾಲತಾಣದಲ್ಲಿ ಹಾಕುತ್ತಾ ಬಂದಿದ್ದೇನೆ. ರಾಶಿ ಬೆಳೆದಂತೆ ಓದುಗರಿಗೆ ಬೇಕಾದದ್ದು ಸಿಗುತ್ತಿಲ್ಲ ಎಂಬ ದೂರು ಹೆಚ್ಚಿದೆ. ಹಾಗಾಗಿ ಹುಡುಕುವ ವ್ಯವಸ್ಥೆಯನ್ನು ದುರಸ್ತಿ ಮಾಡುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ತೊಡಕು ಹೀಗಿದೆ. ‘ಹಲಸು’ ಎಂದು ಕೊಟ್ಟರೆ ‘ಹಲಸಿನ ಹಪ್ಪಳ’ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ವ್ಯಂಜನಕ್ಕೆ ಒಂದು ಸಂಕೇತ, ಅದಕ್ಕೆ ಹತ್ತುವ ಸ್ವರಚಿಹ್ನೆಗೆ ಇನ್ನೊಂದು. ಯಂತ್ರ ಅವನ್ನು ಸಾಲಾಗಿ ಹೋಲಿಸುತ್ತಾ ಹೋಗಿ, ‘ಸು’ವಿನ ಕೊಂಬು ಇರಬೇಕಾದ ಕಡೆ ‘ಸಿ’ಯ ಗುಡಿಸು ಕಂಡ ಕೂಡಲೇ ಕೈಬಿಡುತ್ತದೆ. ಕೊಂಬು ತೆಗೆದು ‘ಹಲಸ’ ಎಂದು ಬರೆದರೆ ಎರಡೂ ಸಿಗುತ್ತವೆ, ಆದರೆ ಓದುಗರಿಗೆ ಪದವನ್ನು ಮೊಟಕು ಮಾಡಿ ಬರೆಯಿರಿ ಎನ್ನಲಾದೀತೇ? ಪ್ರತ್ಯಯಗಳನ್ನು ಕಳಚಿ ಹೋಲಿಸುವ ಸಣ್ಣ ಏರ್ಪಾಡು ಮಾಡಿದ್ದೇನೆ. ಆದೇಶ ಸಂಧಿ ಮಾತ್ರ ಅದಕ್ಕೂ ಬಗ್ಗುವುದಿಲ್ಲ. ‘ಕಾಲ’ ಹುಡುಕಿದವರಿಗೆ ‘ಮಳೆಗಾಲ’ ಸಿಗದು, ‘ಕನ್ನಡ’ಕ್ಕೆ ‘ಹಳಗನ್ನಡ’ ಸಿಗದು. ಅಲ್ಲಿ ಬದಲಾಗಿರುವುದು ಉತ್ತರಪದದ ಮೊದಲಕ್ಷರ. ಅಂಥವಕ್ಕೆ ಜೋಡಿಪಟ್ಟಿಯನ್ನು ಕೈಯಾರೆ ಬರೆಯುತ್ತಿದ್ದೇನೆ. (‘ಫೇಸ್‌ಬುಕ್’ ಎಂಬಲ್ಲಿ ಒತ್ತಕ್ಷರವಾಗದಂತೆ ನಡುವೆ ಅವಿತಿರುವ ಕಾಣದ ಸಂಕೇತವನ್ನು ಹೋಲಿಕೆಗೆ ಮುನ್ನ ಕಿತ್ತುಹಾಕಿದರೆ ಸಾಕು, ಅದೊಂದು ಸುಲಭ.)

ಈಗ ಮೊದಲ ಪ್ರಶ್ನೆ. ಹುಡುಕುವ ಚೌಕದ ಕೆಳಗೆ ಈ ಆಯ್ಕೆಗೆ ಏನೆಂದು ಬರೆಯಲಿ? ವ್ಯಾಕರಣದ ಪ್ರಕಾರ ವಿಭಕ್ತಿ ಹತ್ತದ ರೂಪ ‘ನಾಮಪ್ರಕೃತಿ’. ಆದರೆ ಗಿಡಮರಗಳ ತಾಣದಲ್ಲಿ ‘ಪ್ರಕೃತಿಯಲ್ಲಿ ಹುಡುಕು’ ಎಂದರೆ ಜನ ಚೀಲ ಹೆಗಲಿಗೇರಿಸಿ ಕಾಡಿಗೆ ಹೊರಟಾರು. ‘ಬೇರು’ ಎಂದರೂ ಅದೇ ಗತಿ. ‘ಧಾತು’ ಕ್ರಿಯಾಪದಕ್ಕೆ ಮೀಸಲು. ‘ಮೂಲಪದ’ ಎಂದರೆ ವ್ಯುತ್ಪತ್ತಿ ಹೇಳುತ್ತಾರೇನೋ ಎಂಬ ನಿರೀಕ್ಷೆ ಹುಟ್ಟುತ್ತದೆ. ಸದ್ಯಕ್ಕೆ ‘ಎಲ್ಲ ರೂಪಗಳಲ್ಲೂ ಹುಡುಕು’ ಎಂದು ಹಾಕಿದ್ದೇನೆ. ಅರ್ಥ ಸ್ಪಷ್ಟವಾಗಿದೆ, ಆದರೆ ಮೊಬೈಲ್ ಪರದೆಯಲ್ಲಿ ಎರಡು ಸಾಲಿಗೆ ಒಡೆಯುತ್ತದೆ. ನಿಘಂಟಿನ ಕೆಲಸ ಮಾಡಿದವರ ಬಳಿ ಇದಕ್ಕಿಂತ ಚಿಕ್ಕ ಮಾತು ಇದೆಯೇ?

ಎರಡನೆಯದು ತಾಣದೊಳಗಿನ ಓಡಾಟದ್ದು. ವಿಷಯವಾರು ಪುಟಕ್ಕೆ ‘ಪರಿವಿಡಿ’ ಎಂದಿದ್ದೇನೆ. ‘ವಿಷಯಸೂಚಿ’ಯನ್ನು ಬೇಕೆಂದೇ ಬಿಟ್ಟೆ, ಏಕೆಂದರೆ ಪುಸ್ತಕದ ಮೊದಲಿನ ಪಟ್ಟಿಗೂ ಕೊನೆಯ ಪಟ್ಟಿಗೂ ಅದನ್ನೇ ಬಳಸುವವರಿದ್ದಾರೆ. ಗಿಡಗಳ ಹೆಸರುಗಳನ್ನು ಅ ಇಂದ ಳ ವರೆಗೆ ಜೋಡಿಸಿದ ಪುಟಕ್ಕೆ ‘ಅಕಾರಾದಿ’ ಎಂದಷ್ಟೇ ಇಡುವ ಆಸೆ. ಹಳಗನ್ನಡ ಕಾವ್ಯಗಳ ಮುದ್ರಿತ ಆವೃತ್ತಿಗಳ ಕೊನೆಯಲ್ಲಿ ‘ಪದ್ಯಗಳ ಅಕಾರಾದಿ’ ಎಂದು ನಾಮಪದವಾಗಿಯೇ ನಿಂತಿರುತ್ತದೆ. ಇಂದಿನ ಓದುಗರಿಗೆ ಮಾತ್ರ ‘ಅಕಾರಾದಿಯಾಗಿ’, ‘ಅಕಾರಾದಿ ಕ್ರಮ’ ಎಂಬ ಬಳಕೆಯೇ ರೂಢಿ. ಗುಂಡಿಯ ಮೇಲೆ ಬರೀ ‘ಅಕಾರಾದಿ’ ಎಂದಿದ್ದರೆ ನಿಮ್ಮ ಮನೆಯ ಕಾಲೇಜು ಮಕ್ಕಳಿಗೆ ಹೊಳೆಯುತ್ತದೆಯೇ? ಒಮ್ಮೆ ಕೇಳಿ ತಿಳಿಸಿ.