ಅಮ್ಮನ ಜೊತೆ ಅಗತ್ತಿಗೆ: ಹಡಗೋ, ವಿಮಾನವೋ?

ಮಳೆಬಿಲ್ಲು: ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಲಕ್ಷದ್ವೀಪದ ಅಗತ್ತಿಗೆ ಹೋಗಬೇಕು ಅಂತಿದ್ದೇನೆ. ಪರ್ಮಿಟ್‌ಗೆ ಅರ್ಜಿ ಹಾಕಿ ಆಯ್ತು. ಅಮ್ಮನಿಗೆ 66 ವರ್ಷ, ಎಡ ಮಂಡಿ ನೋವು, ಮೆಟ್ಟಿಲು ಕಷ್ಟ. ಕೊಚ್ಚಿಯಿಂದ ಹಡಗಿನಲ್ಲಿ ಹೋಗುವುದಾ, ವಿಮಾನದಲ್ಲಾ? ಹೋಗಿ ಬಂದವರು ಹೇಳಿ.

ಉಪ್ಪುಗಾಳಿ: ಹಡಗು. ಎರಡನೇ ಮಾತೇ ಇಲ್ಲ. ವಿಮಾನದಲ್ಲಿ ಒಂದೂವರೆ ಗಂಟೆ ಕೂತು ಇಳಿದರೆ ದ್ವೀಪಕ್ಕೆ ಹೋದ ಹಾಗೇ ಅನಿಸುವುದಿಲ್ಲ. ಹಡಗಿಗೆ 14ರಿಂದ 18 ಗಂಟೆ ಬೇಕು. ಸಂಜೆ ದಡ ಕಣ್ಮರೆಯಾಗುತ್ತದೆ. ಬೆಳಿಗ್ಗೆ ಎದ್ದು ಡೆಕ್ಕಿಗೆ ಬಂದರೆ ಸುತ್ತ ಕಡು ನೀಲಿ. ಮೊದಲು ತೆಂಗಿನ ತಲೆಗಳು ಕಾಣುತ್ತವೆ, ದ್ವೀಪ ಆಮೇಲೆ. ಹತ್ತಿರ ಹೋದ ಹಾಗೆ ಒಂದು ಕಡೆ ನೀಲಿ ಗಕ್ಕನೆ ನಿಂತು ತಿಳಿ ಹಸಿರು ಶುರುವಾಗುತ್ತದೆ. ಆ ಗೆರೆಯನ್ನು ನೋಡದೆ ಬಂದವರು ಏನು ನೋಡಿದರೋ ನನಗೆ ಗೊತ್ತಿಲ್ಲ.

ಕಿಟಕಿ ಸೀಟು: "14ರಿಂದ 18 ಗಂಟೆ" ಅನ್ನುವುದನ್ನೂ ಹೆಮ್ಮೆಯಿಂದ ಹೇಳುತ್ತಿದ್ದೀರಲ್ಲ! ಮಂಡಿ ನೋವಿನವರಿಗೆ ಬಂಕಿನಲ್ಲಿ ರಾತ್ರಿಯಿಡೀ ತೂಗಾಟ ಬೇಕಾ? ನೀವು ಹೇಳುವ ಗೆರೆ ಮೇಲಿನಿಂದ ಇನ್ನೂ ಚೆನ್ನಾಗಿ ಕಾಣುತ್ತದೆ. ಅಗತ್ತಿಯ ರನ್‌ವೇ ಸುಮಾರು 1200 ಮೀಟರ್. ಎರಡೂ ತುದಿಗೆ ನೀರು. ಇಳಿಯುವಾಗ ಚಕ್ರ ಇನ್ನೇನು ಸಮುದ್ರಕ್ಕೆ ತಾಗಿತು ಅನಿಸುತ್ತದೆ.

ಉಪ್ಪುಗಾಳಿ: "1200 ಮೀಟರ್". ನೀವೇ ಹೇಳಿದ್ರಿ. ಅದಕ್ಕೇ ಅಲ್ಲಿ ಎಟಿಆರ್ ತರಹದ ಸಣ್ಣ ವಿಮಾನ ಮಾತ್ರ ಇಳಿಯುವುದು. ತೂಕ ಜಾಸ್ತಿ ಆಯ್ತು ಅಂತ ನನ್ನ ಬ್ಯಾಗನ್ನು ಬಿಟ್ಟು ಹಾರಿದರು. ಎರಡು ದಿನ ಒಂದೇ ಅಂಗಿ, ಅದೂ ಉಪ್ಪು ಹಿಡಿದು ರಟ್ಟಿನ ಹಾಗಾಗಿತ್ತು.

ಕಿಟಕಿ ಸೀಟು: ಓಹೋ, ತಾವೂ ವಿಮಾನದಲ್ಲೇ ಹೋಗಿದ್ರಿ ಅಂತಾಯ್ತು.

ಉಪ್ಪುಗಾಳಿ: ಒಂದೇ ಸಲ. ಅದಕ್ಕೇ ಬೇಡ ಅಂತಿರೋದು.

ಕಡಲಕೇರಿ: ಕೊಚ್ಚಿಗೆ ಯಾಕೆ ಹೋಗಬೇಕು ಮಾರಾಯ್ರೆ? ಮಂಗಳೂರಿನಿಂದಲೇ ದಿನಾ ಹಡಗು ಇರಬೇಕಿತ್ತು. ಸಿಮೆಂಟು, ಜಲ್ಲಿ, ತರಕಾರಿ ಹೊತ್ತುಕೊಂಡು ಮಂಜಿಗಳು, ಅಂದ್ರೆ ಸರಕಿನ ಮರದ ಹಡಗುಗಳು, ಹೋಗುವುದು ನಮ್ಮ ಹಳೆ ಬಂದರಿನಿಂದಲೇ. ಅಷ್ಟಕ್ಕೂ ಲಕ್ಷದ್ವೀಪ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ ಆಗಿತ್ತು.

ಹಳೇ ನಕ್ಷೆ: "ಲಕ್ಷದ್ವೀಪ ನಮ್ಮ ಜಿಲ್ಲೆಯದ್ದು" ಅಲ್ಲ ಸ್ವಾಮಿ. ಅಮಿನಿದಿವಿ ಗುಂಪಿನ ಐದು ದ್ವೀಪ ಮಾತ್ರ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಅಗತ್ತಿ, ಕವರತ್ತಿ, ಆಂದ್ರೋತ್, ಕಲ್ಪೇನಿ, ಮಿನಿಕಾಯ್ ಇದ್ದದ್ದು ಮಲಬಾರ್ ಜಿಲ್ಲೆಯಲ್ಲಿ. ಈಕೆ ಕೇಳಿರುವುದು ಅಗತ್ತಿ ಬಗ್ಗೆ.

ಕಡಲಕೇರಿ: "ಐದು ಮಾತ್ರ" ಅಂತೆ! ಜನ ವಾಸ ಇರುವುದೇ ಹತ್ತು ದ್ವೀಪದಲ್ಲಿ. ಹತ್ತರಲ್ಲಿ ಐದು ಅಂದ್ರೆ ಅರ್ಧ. ಅರ್ಧ ಮನೆ ನಿಮ್ಮದಾಗಿದ್ದರೆ "ಮಾತ್ರ" ಅಂತ ಬಿಟ್ಟುಕೊಡುತ್ತಿದ್ರಾ?

ಹಳೇ ನಕ್ಷೆ: ಆ ಮನೆ ಮದ್ರಾಸಿನದ್ದು. ದಕ್ಷಿಣ ಕನ್ನಡವೇ ಆಗ ಮದ್ರಾಸ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಈ ದ್ವೀಪಗಳೆಲ್ಲ ಸೇರಿ ಕೇಂದ್ರಾಡಳಿತ ಪ್ರದೇಶ ಆಯ್ತು. ಅಂದ್ರೆ ಕನ್ನಡದ ರಾಜ್ಯದಲ್ಲಿ ಅವು ಒಂದು ದಿನವೂ ಇರಲಿಲ್ಲ.

ಕಡಲಕೇರಿ: "ಒಂದು ದಿನವೂ"? 1787ರಲ್ಲಿ ಅಮಿನಿ ದ್ವೀಪಗಳು ಟಿಪ್ಪುವಿನ ಕೈಗೆ ಬಂದವು. 1799ರಲ್ಲಿ ಅವನು ಸಾಯುವವರೆಗೂ ಅವನದ್ದೇ. ಶ್ರೀರಂಗಪಟ್ಟಣ ಯಾವ ನಾಡಿನಲ್ಲಿದೆ, ಹೇಳಿ?

ಹಳೇ ನಕ್ಷೆ: ಹನ್ನೆರಡು ವರ್ಷ! ಅದಕ್ಕೂ ಮುಂಚೆ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿತ್ತು. ಅವರೇನಾದ್ರೂ ಇಲ್ಲಿ ಬಂದು "ನಮ್ಮದು" ಅಂತಿದ್ದಾರಾ? ಒಂದು ಸಲ ಅಮಿನಿಯಲ್ಲಿ ಇಳಿದು ಕನ್ನಡದಲ್ಲಿ ಮಾತಾಡಿ ನೋಡಿ. ಅವರದ್ದು ಜೆಸರಿ, ಮಲಯಾಳದ ಒಂದು ಬಗೆ.

ಕಡಲಕೇರಿ: "ಮಾತಾಡಿ ನೋಡಿ" ಅಂತ ನಮಗೆ ಹೇಳಬೇಡಿ. ದ್ವೀಪದವರು ತೆಂಗಿನ ನಾರು ತಂದು ಮಂಗಳೂರಿಗೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ನಾರಿನ ಲೆಕ್ಕ ನೋಡುತ್ತಿದ್ದ ಸರಕಾರಿ ಕಚೇರಿ ನಮ್ಮೂರಲ್ಲಿತ್ತು. ವ್ಯವಹಾರಕ್ಕೆ ಭಾಷೆ ಅಡ್ಡ ಬರಲಿಲ್ಲ. ನಿಮಗೆ ನಕ್ಷೆ ಗೊತ್ತು, ಬಂದರು ಗೊತ್ತಿಲ್ಲ.

ಹಳೇ ನಕ್ಷೆ: ನಾರಿನ ವ್ಯವಹಾರದ ಹೆಸರಲ್ಲಿ ಆ ಜನರಿಗೆ ಸರಕಾರವೇ ದರ ಕಟ್ಟುತ್ತಿತ್ತು, ಬೇರೆಯವರಿಗೆ ಮಾರುವ ಹಾಗಿರಲಿಲ್ಲ. ಅದನ್ನೂ ಹೇಳಿ. ಸುಮ್ನೆ ಅರ್ಧ ಹೇಳಿ ಹೆಮ್ಮೆಪಡಬೇಡಿ.

ಕಡಲಕೇರಿ: ನೋಡಿ, ಕಚೇರಿ ಇತ್ತು ಅಂತ ಒಪ್ಪಿದ್ರಿ. ಅಷ್ಟು ಸಾಕು.

ಕಿಟಕಿ ಸೀಟು: ಕೇಳಿದ್ದು ಮಂಡಿ ನೋವು. ಸಿಕ್ಕಿದ್ದು ಟಿಪ್ಪು, ನಾರು.

ಉಪ್ಪುಗಾಳಿ: "ಮಂಡಿ" ಅಂದಿದ್ದಕ್ಕೆ ಹೇಳುತ್ತೇನೆ, ವಿಮಾನಕ್ಕೂ ಮೆಟ್ಟಿಲಿದೆ.

ಕಿಟಕಿ ಸೀಟು: ಆ ಮೆಟ್ಟಿಲು ಅಲುಗಾಡುವುದಿಲ್ಲ. ಹಡಗಿನ ಕತೆ ನಾನು ಹೇಳಲಾ? ಕಲ್ಪೇನಿಗೆ ಹೋದಾಗ ಹಡಗು ಹವಳದ ದಂಡೆಯ ಆಚೆಗೇ ನಿಂತಿತು. ಪಕ್ಕದ ಬಾಗಿಲು ತೆರೆದರು. ಕೆಳಗೆ ದೋಣಿ. ಒಂದು ಗಳಿಗೆ ಹೊಸ್ತಿಲಿಗೆ ಸಮ, ಇನ್ನೊಂದು ಗಳಿಗೆಗೆ ಸೊಂಟದಷ್ಟು ಕೆಳಗೆ. ಖಲಾಸಿಗಳು ನಮ್ಮ ತೋಳು ಗಟ್ಟಿಯಾಗಿ ಹಿಡಿದು, ದೋಣಿ ಮೇಲೆ ಬಂದಾಗ ಕೂಗುತ್ತಾರೆ. ಆ ಹೊತ್ತಿಗೇ ಕಾಲಿಡಬೇಕು, ಯೋಚನೆ ಮಾಡಿದರೆ ಕೆಟ್ಟಿರಿ. ನನ್ನ ಮುಂದಿದ್ದ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ಮೂರು ಸಲ ಕಾಲು ಚಾಚಿದರು, ಮೂರು ಸಲವೂ ಹಿಂದಕ್ಕೆಳೆದುಕೊಂಡರು. ನಾಲ್ಕನೇ ಸಲ ಇಬ್ಬರು ಎತ್ತಿಯೇ ಇಳಿಸಿದರು. ಒಂದು ಚಪ್ಪಲಿ ನೀರುಪಾಲು. ಅವರಿಗೆ ಮಂಡಿ ನೋವೂ ಇರಲಿಲ್ಲ.

ಉಪ್ಪುಗಾಳಿ: "ಎತ್ತಿಯೇ ಇಳಿಸಿದರು". ಎಷ್ಟು ಜೋಪಾನ ನೋಡಿ! ದ್ವೀಪದ ಅಜ್ಜಿಯರು ಆಸ್ಪತ್ರೆಗೆ ಅಂತ ಕೊಚ್ಚಿಗೆ ಹೀಗೇ ಹೋಗಿ ಬರುತ್ತಾರೆ. ಯಾರೂ ಅಳುವುದಿಲ್ಲ.

ಕಿಟಕಿ ಸೀಟು: ಅವರಿಗೆ ಬೇರೆ ದಾರಿ ಇಲ್ಲ, ಹೋಗುತ್ತಾರೆ. ನಿಜಕ್ಕೂ ತುರ್ತಾದರೆ ಅವರನ್ನೂ ಹೆಲಿಕಾಪ್ಟರ್‌ನಲ್ಲೇ ಸಾಗಿಸುವುದು. ಇನ್ನೊಬ್ಬರ ಕಷ್ಟ ನಿಮಗೆ ನೋಟ ಆಗಿಬಿಟ್ಟಿದೆ.

ಉಪ್ಪುಗಾಳಿ: ವೈಯಕ್ತಿಕವಾಗಿ ಹೋಗಬೇಡಿ. ನಾನು ಹಡಗಿನಲ್ಲಿ ನಾಲ್ಕು ಸಲ ಹೋಗಿ ಬಂದವನು. ಎಂ.ವಿ. ಕವರತ್ತಿ 700 ಜನ ಹಿಡಿಯುವ ಹಡಗು, ತೆಪ್ಪ ಅಲ್ಲ.

ಸಿಹಿನೀರು: ಹೇಗೆ ಹೋಗುವುದು ಅಂತ ಜಗಳ. ಹೋಗಿ ಏನು ಕುಡಿಯುತ್ತೀರಿ ಅಂತ ಯಾರೂ ಕೇಳಲಿಲ್ಲ. ಈ 36 ದ್ವೀಪ ಎಲ್ಲಾ ಸೇರಿದರೂ 32 ಚದರ ಕಿಲೋಮೀಟರ್. ಹೊಳೆ ಇಲ್ಲ. ಮಳೆ ನೀರು ಮರಳಿನೊಳಗೆ ಇಳಿದು, ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಂತಿರುತ್ತದೆ. ಜಾಸ್ತಿ ಎಳೆದರೆ ಬಾವಿಗೆ ಉಪ್ಪು ಬರುತ್ತದೆ. ಅದಕ್ಕೇ 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಹಾಕಿದ್ದು, ದಿನಕ್ಕೆ ಒಂದು ಲಕ್ಷ ಲೀಟರ್. ಹವಳ 1998, 2010, 2016ರಲ್ಲಿ ಕಡಲ ನೀರಿನ ಬಿಸಿಗೆ ಬಿಳಿಚಿತು. ಅದರ ಮೇಲೆ ನಾವು ವಿಮಾನ ತುಂಬಿ ಹೋಗಿ ಶವರ್ ಕೇಳುತ್ತೇವೆ.

ಹಳೇ ನಕ್ಷೆ: "36 ದ್ವೀಪ" ಅನ್ನುವುದು ಹಳೇ ಲೆಕ್ಕ. ಬಂಗಾರಂ ದ್ವೀಪದ ಹತ್ತಿರದ 'ಪರಳಿ-1' ಅನ್ನುವ ದ್ವೀಪ ಕಡಲು ಕೊರೆದು ಮುಳುಗಿಹೋಗಿದೆ. 2017ರಲ್ಲೇ ಸುದ್ದಿ ಆಗಿತ್ತು. 35 ಅನ್ನಿ.

ಸಿಹಿನೀರು: ಸರ್, ನಾನು ಹೇಳುತ್ತಿರುವುದೂ ಅದೇ ಅಲ್ವಾ? ಒಂದು ದ್ವೀಪವೇ ಹೋಯ್ತು!

ಹಳೇ ನಕ್ಷೆ: ನೀವು ಬರೆದದ್ದು 36.

ಕಿಟಕಿ ಸೀಟು: "ವಿಮಾನ ತುಂಬಿ" ಅಂತ ನಮ್ಮನ್ನೇ ಯಾಕೆ ಹಿಡಿಯುತ್ತೀರಿ ಮೇಡಂ? ನಮ್ಮ ಎಟಿಆರ್‌ನಲ್ಲಿ ಬಂದು ಇಳಿಯುವುದು 70 ಜನವೂ ಇಲ್ಲ. ಇವರ ಹಡಗು 700 ಜನರನ್ನು ತರುತ್ತದೆ. ಹೆಚ್ಚು ನೀರು ಯಾರು ಕುಡಿಯುತ್ತಾರೆ?

ಉಪ್ಪುಗಾಳಿ: ಆ 700ರಲ್ಲಿ ಮುಕ್ಕಾಲು ಪಾಲು ಅಲ್ಲಿನ ಜನರೇ. ಅವರು ಅವರ ಮನೆಯ ನೀರು ಕುಡಿಯಬಾರದಾ?

ಸಿಹಿನೀರು: ನಿಮ್ಮ ನಿಮ್ಮ ಟಿಕೆಟ್ಟಿಗೆ ನನ್ನ ಮಾತು ಬಳಸಿಕೊಳ್ಳಿ, ಪರವಾಗಿಲ್ಲ.

ಮಳೆಬಿಲ್ಲು: ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಚಪ್ಪಲಿ ನೀರುಪಾಲಾದದ್ದು ಕೇಳಿ "ನನ್ನಿಂದ ಆಗದಮ್ಮ" ಅಂದಳು. ತೆಂಗಿನ ತಲೆ ಮೊದಲು ಕಾಣುತ್ತದೆ ಅನ್ನುವುದನ್ನು ಮಾತ್ರ ಎರಡು ಸಲ ಓದಿಸಿದಳು. ಹೋಗುವಾಗ ವಿಮಾನ ಅಂತ ಮಾಡಿದ್ದೇವೆ. ಎಲ್ಲರಿಗೂ ಥ್ಯಾಂಕ್ಸ್.

ಉಪ್ಪುಗಾಳಿ: "ಹೋಗುವಾಗ" ಅಂದ್ರಿ. ಅಂದ್ರೆ ಬರುವಾಗ ಹಡಗು. ಒಳ್ಳೆ ನಿರ್ಧಾರ.

ಕಿಟಕಿ ಸೀಟು: ಅವರು ಹಾಗೆ ಹೇಳಲೇ ಇಲ್ಲ!

ಕಡಲಕೇರಿ: ಮಂಗಳೂರಿನಿಂದ ಹಡಗು ಇದ್ದಿದ್ದರೆ ಈ ರಗಳೆಯೇ ಇರಲಿಲ್ಲ. ನಮ್ಮ ಜಿಲ್ಲೆಯ ದ್ವೀಪಕ್ಕೆ ಕೊಚ್ಚಿಯಿಂದ ಹೋಗಬೇಕಂತೆ.

ಹಳೇ ನಕ್ಷೆ: ಅಗತ್ತಿ ಮಲಬಾರಿನದ್ದು.